ಮಡಿ ಹಗ್ಗದ ಅಳತೆ

ನಾನು ಸೊಸೆಯಾಗಿ ಹೋದ ಮನೆಗೆ ಮುಂದೆ ಕೋಟು, ಹಿಂದೆ ಕಚ್ಚೆ. ಮಾತು ನನ್ನದಲ್ಲ, ಊರವರದು. ಇಂಡಿ ತಾಲೂಕಿನ ಊರು ಅದು. ಹೊರ್ತಿಯಿಂದ ಎತ್ತಿನ ಗಾಡಿಯಲ್ಲಿ ಒಂದು ತಾಸಿನ ದಾರಿ. ಮಾವನವರ ಅಜ್ಜ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಸೊಲ್ಲಾಪುರದ ಕಡೆ ಒಬ್ಬ ಇಂಗ್ಲಿಷ್ ಸಾಹೇಬನ ಕೈಕೆಳಗೆ ಶಿರಸ್ತೇದಾರರಾಗಿದ್ದರಂತೆ. ಸಾಹೇಬನ ಬಂಗಲೆಯನ್ನು ನೋಡಿ ನೋಡಿ ಅವರಿಗೂ ಅಂಥದೊಂದು ಬೇಕೆನಿಸಿತು. ಪೆನ್ಶನ್ ಪಡೆದು ಊರಿಗೆ ಬಂದವರೇ ಹಳೆಯ ವಾಡೆಯ ಮುಂಭಾಗವನ್ನಷ್ಟೇ ಕೆಡವಿ, ಅಲ್ಲಿ ಬಂಗಲೆ ಕಟ್ಟಿಸಿದರು. ಚೂಪು ಕಮಾನು, ಮುಂಬಯಿಯಿಂದ ತರಿಸಿದ ಬೀಡುಕಬ್ಬಿಣದ ಕಟಾಂಜನ, ಕೆಂಪು ಹಸಿರು ಗಾಜಿನ ಎತ್ತರದ ಕಿಟಕಿ, ಮೇಲೆ ಹೆಂಚು. ನಡುಬಾಗಿಲು ದಾಟಿದರೆ ಹಿಂದೆ ಹಳೆಯದು ಹಾಗೇ ಇತ್ತು: ಚೌಕ, ದೇವರ ಮನೆ, ಅಡಿಗೆ ಮನೆ, ಬಾವಿ, ಮೇಲೆ ಮಣ್ಣಿನ ಮಾಳಿಗೆ.

ಬಂಗಲೆಯ ದಿವಾನಖಾನೆಯಲ್ಲಿ ಚಳಿ ಕಾಯಿಸಿಕೊಳ್ಳಲು ಗೋಡೆಯೊಳಗೆ ಒಂದು ಒಲೆ ಕೂಡ ಇತ್ತು, ಹೊಗೆ ಹೋಗಲು ಮೇಲಕ್ಕೆ ಕೊಳವೆ. ಚೈತ್ರದಲ್ಲೇ ಕಲ್ಲು ಕಾದು ಕಾಲು ಸುಡುವ ನಮ್ಮ ಕಡೆ ಆ ಒಲೆಗೆ ಒಂದು ಕಡ್ಡಿ ಕೂಡ ಇಟ್ಟವರಿಲ್ಲ. ಅದರಲ್ಲಿ ಹಳೆಯ ಪಂಚಾಂಗಗಳನ್ನು ಪೇರಿಸಿಟ್ಟಿದ್ದರು. ನನಗೆ ನೋಡಿದಾಗಲೆಲ್ಲ ನಗು ಬರುತ್ತಿತ್ತು, ಆದರೆ ಹೆಚ್ಚಾಗಿ ನೋಡುವ ಅವಕಾಶವಿರಲಿಲ್ಲ. ಹೆಂಗಸರು ನಡುಬಾಗಿಲ ಈಚೆಗಿನವರು. ಮುಂದಿನ ಬಾಗಿಲಿನಿಂದ ನಾನು ಆ ಮನೆಯನ್ನು ಹೊಕ್ಕಿದ್ದು ಒಂದೇ ಸಲ, ಮದುವೆಯಾಗಿ ಬಂದ ದಿನ. ಆಮೇಲೆ ಹೋಗುವುದು ಬರುವುದು ಎಲ್ಲ ಹಿತ್ತಲ ಬಾಗಿಲಿನಿಂದ.

ನನ್ನ ತವರು ಸಿಂದಗಿ. ಅಪ್ಪ ಚಿತ್ರಕಲೆಯ ಮಾಸ್ತರರು. ನಾನು ಡ್ರಾಯಿಂಗ್ ಪರೀಕ್ಷೆಗಳನ್ನು ಕಟ್ಟಿ, ಶಿಕ್ಷಕಿಯ ತರಬೇತಿಯನ್ನೂ ಮುಗಿಸಿದ್ದೆ. ಹುಡುಗಿ ಏನು ಕಲಿತಿದ್ದಾಳೆ ಎಂದು ಕೇಳಿದಾಗ ಗಂಡಿನ ಕಡೆಯವರು ತಲೆದೂಗಿದ್ದರು. ರಂಗೋಲಿ ಚೆನ್ನಾಗಿ ಹಾಕುತ್ತಾಳೆ ಎಂದು ತಿಳಿದಿರಬೇಕು. ಗಂಡ ಮುದ್ದೇಬಿಹಾಳದ ಒಂದು ಕಚೇರಿಯಲ್ಲಿ ಕಾರಕೂನ. ಅಲ್ಲಿ ಒಂದು ಕೋಣೆ ಹಿಡಿದು ಕೈ ಅಡಿಗೆ ಮಾಡಿಕೊಂಡು, ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಿದ್ದರು. ನಾನು ಎರಡು ವರ್ಷ ಇಲ್ಲಿ, ಅವರು ಅಲ್ಲಿ. ಮನೆಯಲ್ಲಿ ಮಾವನವರು, ಕಾಲೇಜು ಬಿಟ್ಟು ಹೊಲ ನೋಡಿಕೊಳ್ಳುತ್ತಿದ್ದ ಇಬ್ಬರು ಮೈದುನರು, ಅತ್ತೆ, ನಾನು. ಗಂಡಸರು ಮುಂದೆ, ನಾವಿಬ್ಬರು ಹಿಂದೆ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಗಂಡ ಬಂದಾಗ ಕಿಸೆಯಲ್ಲಿ ಒಂದು ಕಾಗದ ತಂದರು. ಮುದ್ದೇಬಿಹಾಳದ ಒಂದು ಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿಯ ಕೆಲಸ ಖಾಲಿ ಇದೆ ಎಂದು ತಿಳಿದು ನನ್ನ ಹೆಸರಿನಲ್ಲಿ ಅರ್ಜಿ ಹಾಕಿದ್ದರು. ಜೂನ್ ತಿಂಗಳ ಮೊದಲ ಸೋಮವಾರದೊಳಗೆ ಹಾಜರಾಗಬೇಕು, ತಪ್ಪಿದರೆ ಕೆಲಸ ಮುಂದಿನವರಿಗೆ ಎಂದು ಆ ಕಾಗದ ಹೇಳುತ್ತಿತ್ತು. ನಾನು ಅದನ್ನು ಅಡಿಗೆ ಮನೆಯ ಮೂಲೆಯಲ್ಲಿ ನಿಂತು ನಾಲ್ಕು ಸಲ ಓದಿದೆ. ನನ್ನದೇ ಸಂಸಾರ, ನನ್ನದೇ ಕೆಲಸ, ಎರಡೂ ಒಂದೇ ಕಾಗದದಲ್ಲಿ ಬಂದಿದ್ದವು.

"ಅಪ್ಪಾ ಏನಂತಾರ ಕೇಳು," ಎಂದರು ಗಂಡ. ಕೇಳುವವರು ಅವರಲ್ಲವಂತೆ, ನಾನಂತೆ.

ಮಾವನವರ ಬಾಯಲ್ಲಿ 'ಬ್ಯಾಡ' ಎಂಬ ಮಾತೇ ಇರಲಿಲ್ಲ. ಹಾಗಿದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅವರು ಮೋಜಣಿ ಖಾತೆಯಲ್ಲಿ ಇಡೀ ಜಿಲ್ಲೆಯ ಹೊಲಗಳನ್ನು ಅಳೆದು ನಿವೃತ್ತರಾದವರು. ಮಾತನ್ನೂ ಅಳೆದೇ ಆಡುತ್ತಿದ್ದರು. "ಆಗ್ಲಿ. ಇದೊಂದು ಮುಗೀಲಿ," ಎಂದರು.

ಇದೊಂದು ಎಂದರೆ ಮನೆಯ ನಕ್ಷೆ. ಪುಣೆಯಲ್ಲಿದ್ದ ಅವರ ದಾಯಾದಿಗಳು ಮನೆತನದ ಕುಲವೃತ್ತಾಂತವನ್ನು ಅಚ್ಚು ಹಾಕಿಸುವವರಿದ್ದರು. ಯಾರ ಮಗ ಯಾರು, ಯಾರು ಎಲ್ಲಿ ನೌಕರಿ ಮಾಡಿದರು ಎಂದೆಲ್ಲ ಬರೆದ ಪುಸ್ತಕ ಅದು. ಅದರಲ್ಲಿ ಮೂಲ ಮನೆಯ ನಕ್ಷೆ ಇರಬೇಕು ಎಂದು ಅವರು ಬರೆದಿದ್ದರು: ನೆಲದ ನಕ್ಷೆ, ಮುಂಭಾಗದ ಚಿತ್ರ, ಕಿಟಕಿ ಕಮಾನುಗಳ ಅಳತೆ, ಎಲ್ಲ ಇಂಚಿಂಚು ಸರಿಯಾಗಿ. ಮನೆಯಲ್ಲೇ ಡ್ರಾಯಿಂಗ್ ಕಲಿತ ಸೊಸೆ ಇರುವಾಗ ಹೊರಗಿನವರು ಯಾಕೆ? ನಕ್ಷೆ ಮುಗಿದು, ತಾಳೆಯಾಗಿ, ಪುಣೆಗೆ ಟಪಾಲಿಗೆ ಬಿದ್ದ ಮರುದಿನ ನಾನು ಮುದ್ದೇಬಿಹಾಳಕ್ಕೆ ಹೋಗಬಹುದು. ಹೀಗೆಂದು ಮಾವನವರು ಮಾತು ಕೊಟ್ಟರು. ನನ್ನ ಕೈಯಲ್ಲಿ ಐದು ವಾರಗಳಿದ್ದವು. ಎರಡು ವಾರದ ಕೆಲಸ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಮೊದಲ ತೊಡಕು ಮುಂಭಾಗದ ಚಿತ್ರದ್ದು. ಮನೆಯ ಮುಖ ಬರೆಯಬೇಕಾದರೆ ಮನೆಯ ಎದುರಿಗೆ ನಿಲ್ಲಬೇಕು. ಎದುರಿಗೆ ಊರಿನ ಬಯಲು. ಶಿರಸ್ತೇದಾರರ ಮನೆತನದ ಸೊಸೆ ಹಲಗೆ ಹಿಡಿದು ಬಯಲಿನಲ್ಲಿ ನಿಲ್ಲುವುದುಂಟೆ? ಮಾವನವರು ಎರಡು ದಿನ ಯೋಚಿಸಿ ಒಂದು ಉಪಾಯ ಹೂಡಿದರು. ಮೇಲೆ ಕಮಾನು ಹೊದಿಸಿದ ನಮ್ಮ ಕೊಲ್ಲಾರಿ ಗಾಡಿಯನ್ನು ಬಯಲಿಗೆ ತಂದು ಮನೆಯ ಎದುರು ನಿಲ್ಲಿಸಿ, ಎತ್ತು ಬಿಚ್ಚಿ, ನೊಗಕ್ಕೆ ಊರುಗೋಲು ಕೊಟ್ಟು, ನನ್ನನ್ನು ಒಳಗೆ ಕೂರಿಸಿ ಮುಂದೆ ಜಮಖಾನೆ ಇಳಿಬಿಟ್ಟರು. ಎರಡು ಬೆರಳಿನಷ್ಟು ಸಂದಿಯಿಂದ ನಾನು ನನ್ನ ಗಂಡನ ಮನೆಯ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಚೆಂದವಿತ್ತು. ಅಷ್ಟು ಚೆಂದದ ಮನೆ ಅಂತ ಒಳಗಿದ್ದಾಗ ಎಂದೂ ಅನಿಸಿರಲಿಲ್ಲ, ಅದಕ್ಕೇ ಸಿಟ್ಟು ಬಂತು.

ನಾಲ್ಕು ಮಧ್ಯಾಹ್ನ ಆ ಗಾಡಿಯಲ್ಲಿ ಬೆಂದೆ. ಬೆವರು ಕಾಗದಕ್ಕೆ ಬೀಳದಂತೆ ಹಣೆಗೆ ಟವೆಲ್ ಕಟ್ಟಿಕೊಂಡಿದ್ದೆ. ಮೂರನೆಯ ದಿನ ಕುರಿ ಹೊಡೆದುಕೊಂಡು ಬಂದ ಮುದುಕನೊಬ್ಬ ಗಾಡಿಯ ನೆರಳಿಗೆ ಕೂತ. ಒಳಗಿನ ಸದ್ದು ಕೇಳಿ, "ಯಾವೂರಿಗೆ ಹೊಂಟೀರವ್ವಾ?" ಎಂದ.

"ಎಲ್ಲಿಗೂ ಇಲ್ಲಪಾ."

"ಹೌದ ಬಿಡ್ರಿ. ಎತ್ತು ಹೂಡಿಲ್ಲಲ್ಲ," ಎಂದು ಎದ್ದು ಹೋದ. ಅವನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಆಮೇಲೆ ಅಳತೆ. ಮನೆಯ ಹೊರ ಮೈಯನ್ನೂ ಬಂಗಲೆಯ ಭಾಗವನ್ನೂ ಮಾವನವರೇ ತಮ್ಮ ಟೇಪಿನಿಂದ ಅಳೆದುಕೊಟ್ಟರು. ಆ ಟೇಪು ಚರ್ಮದ ಡಬ್ಬಿಯದು, ಮೂವತ್ತು ವರ್ಷ ಎಲ್ಲರ ಹೊಲ ತಿರುಗಿದ್ದು. ಅದು ನಡುಬಾಗಿಲು ದಾಟುವಂತಿಲ್ಲ ಎಂದು ಅತ್ತೆ ಖಂಡಿತವಾಗಿ ಹೇಳಿದರು. ಒಳಗೆ ದೇವರಿದ್ದಾನೆ, ಮಡಿಯ ಅಡಿಗೆಯಿದೆ, ಚರ್ಮ ಹೇಗೆ ಬಂದೀತು? ಅವರು ಹೇಳಿದ್ದು ಆ ಮನೆಯ ರೀತಿಗೆ ಸರಿಯೇ ಇತ್ತು. ಆಗ ಮಾವನವರು ಹೊರ್ತಿಯ ಸಂತೆಯಿಂದ ಹೊಸ ನೂಲಿನ ಹಗ್ಗ ತರಿಸಿದರು. ಕಟ್ಟೆಯ ಮೇಲೆ ಟೇಪು ಹಾಸಿ, ಪಕ್ಕಕ್ಕೆ ಹಗ್ಗ ಹಾಸಿ, ಅಡಿಗೊಂದರಂತೆ ಇಪ್ಪತ್ತು ಗಂಟು ತಾವೇ ಹಾಕಿದರು. ಒಂದು ಗಂಟೂ ಅತ್ತಿತ್ತ ಇರಲಿಲ್ಲ, ನಾನೇ ನೋಡಿದ್ದೇನೆ.

"ಸಂತ್ಯಾಗ ಹತ್ತು ಮಂದಿ ಮುಟ್ಟಿದ್ದು," ಎಂದರು ಅತ್ತೆ. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಅವರೇ ಹಗ್ಗವನ್ನು ಬಾವಿಯ ನೀರಿನಲ್ಲಿ ಅದ್ದಿ, ಹಿಂಡಿ, ಮಡಿ ಮಾಡಿ ನನ್ನ ಕೈಗೆ ಕೊಡುತ್ತಿದ್ದರು. ನಾನು ಒಂದು ತುದಿ, ಅವರು ಒಂದು ತುದಿ. ಒದ್ದೆ ಹಗ್ಗ ಹಿಡಿದು ನಾವು ಚೌಕ ಅಳೆದೆವು, ಬಾಣಂತಿ ಕೋಣೆ ಅಳೆದೆವು, ಅಡಿಗೆ ಮನೆ ಅಳೆದೆವು.

ಆ ದಿನಗಳು ಸುಖವಾಗಿದ್ದವು. ಸುಳ್ಳು ಯಾಕೆ ಹೇಳಲಿ. ಅತ್ತೆ ಎಷ್ಟು ಮಾತಾಡಿದರು! ಹನ್ನೊಂದು ವರ್ಷದವರಿದ್ದಾಗ ಬಸವನ ಬಾಗೇವಾಡಿ ಕಡೆಯಿಂದ ಈ ಮನೆಗೆ ಬಂದವರು. ಈ ಮೂಲೆಯಲ್ಲಿ ದೊಡ್ಡವ ಹುಟ್ಟಿದ, ಈ ಕಂಬಕ್ಕೆ ಒರಗಿ ಅವರ ಅತ್ತೆ ಪ್ರಾಣ ಬಿಟ್ಟರು, ಈ ಗೂಡಿನಲ್ಲಿ ಅವರು ಸಣ್ಣವರಿದ್ದಾಗ ಹುಣಸೆಹಣ್ಣು ಬಚ್ಚಿಟ್ಟು ತಿನ್ನುತ್ತಿದ್ದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ನಾನು ಸಂಜೆ ಹಲಗೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುವಾಗ ಪಕ್ಕಕ್ಕೆ ಕೂತು, ಎರಡೇ ದಿನದಲ್ಲಿ ನಕ್ಷೆ ಓದುವುದನ್ನು ಕಲಿತುಬಿಟ್ಟರು. "ಇದು ಒಲಿ ಅಲಾ? ಇದು ಬಾವಿ. ಇಲ್ಲೆ ನೀ ಕೂತು ಭಾಂಡಿ ತಿಕ್ತಿ," ಎಂದು ಬೆರಳಿಡುತ್ತಿದ್ದರು. ಒಂದು ಸಲ ಅಡಿಗೆ ಮನೆಯಿಂದ ಹಿತ್ತಲಿನವರೆಗೆ ಬೆರಳು ಎಳೆದು, "ನಾ ದಿನಾ ಓಡ್ಯಾಡೂದು ಇಷ್ಟss ಏನು?" ಎಂದು ಕೇಳಿದರು. ನಾಲ್ಕು ಇಂಚೂ ಇರಲಿಲ್ಲ.

ಹತ್ತು ದಿನಕ್ಕೆ ನಕ್ಷೆ ಮುಗಿಯಿತು. ಮಾವನವರು ಕನ್ನಡಕ ಏರಿಸಿ ಕೂಡಿಸಿ ನೋಡಿದರು. ಹಿಂದಿನ ಹಳೆಯ ಭಾಗಕ್ಕೆ ಹೊರಗಿನಿಂದ ಅವರು ಅಳೆದ ಉದ್ದ ನಲವತ್ತೈದು ಅಡಿ. ಒಳಗಿನ ನನ್ನ ಅಳತೆಗೆ ಎರಡು ಗೋಡೆಗಳ ದಪ್ಪ ಸೇರಿಸಿದರೆ ನಲವತ್ತೇಳು.

"ಹೊರಗಿಗಿಂತ ಒಳಗs ಎರಡು ಅಡಿ ದೊಡ್ಡದದ ಏನು ನಮ್ಮ ಮನಿ?"

ಗೋಡೆ ಸೊಟ್ಟ ಇರಬಹುದು ಎಂದೆ.

"ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ," ಎಂದು ಕಾಗದವನ್ನು ಹಿಂದಕ್ಕೆ ಸರಿಸಿದರು. "ತಪ್ಪು ನಕ್ಷಾ ಪುಣೇಕ್ಕ ಹೋಗಂಗಿಲ್ಲ. ಇನ್ನೊಮ್ಮೆ ಅಳಿ."

ಇನ್ನೊಮ್ಮೆ ಅಳೆದೆವು. ಈ ಸಲ ಒಂದೂವರೆ ಅಡಿ ಹೆಚ್ಚು ಬಂತು. ಮೂರನೆಯ ಸಲ ಎರಡೂಕಾಲು. ಮೂರು ಸಲಕ್ಕೆ ಮೂರು ಬಗೆ ಬಂದಮೇಲೆ ಗೋಡೆಯ ಮೇಲೆ ತಪ್ಪು ಹಾಕುವಂತೆಯೂ ಇರಲಿಲ್ಲ. ಮೈದುನರು ಊಟಕ್ಕೆ ಕೂತಾಗ, "ವೈನಿ, ಇವತ್ತು ಮನಿ ಎಷ್ಟು ಬೆಳೀತು?" ಎಂದು ನಗುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ. ಮೇ ತಿಂಗಳು ಮುಗಿಯುತ್ತ ಬಂದಿತ್ತು. ನನಗೆ ನನ್ನ ಕಣ್ಣಿನ ಮೇಲೇ ನಂಬಿಕೆ ಹೋಯಿತು. ಒಂದು ಕೋಣೆಯನ್ನು ಸರಿಯಾಗಿ ಅಳೆಯಲು ಬಾರದವಳು ಮಕ್ಕಳಿಗೆ ಏನು ಕಲಿಸುತ್ತೇನೆ ಅನಿಸತೊಡಗಿತು. ಅನ್ನ ಬಡಿಸುವಾಗಲೂ ಮನಸ್ಸಿನಲ್ಲಿ ಗಂಟು ಎಣಿಸುತ್ತಿದ್ದೆ. ಗೋಡೆಗಳು ದಿನಕ್ಕಿಷ್ಟು ಒಳಗೆ ಸರಿದು ಬಂದಂತೆ ಆಗುತ್ತಿತ್ತು. ನಕ್ಷೆಯಲ್ಲಿ ಮಾತ್ರ ಅವು ಹೊರಗೆ ಸರಿಯುತ್ತಿದ್ದವು. ಗಂಡ ಬಂದರು. ವಿಷಯ ಕೇಳಿ, "ಇನ್ನೊಮ್ಮೆ ಸಮಾಧಾನದಿಂದ ಅಳೀಬೇಕಿತ್ತು," ಎಂದು ಹೇಳಿ ಮರುದಿನದ ಬಸ್ಸು ಹಿಡಿದರು. ಅವರ ಮೇಲಿನ ಆ ಸಿಟ್ಟು ಇನ್ನೂ ಪೂರಾ ಆರಿಲ್ಲ.

ಹಾಜರಾಗಲು ಆರು ದಿನ ಉಳಿದಿತ್ತು. ಹಿತ್ತಲಿನಲ್ಲಿ ಹಗ್ಗ ಒಣಗಲು ಹಾಕಿದ್ದೆ. ಹೊರಗಿನ ಕೆಲಸಕ್ಕೆ ಬರುತ್ತಿದ್ದ ಹೆಂಗಸು, ಯಂಕಂಚಿಯಿಂದ ನಮ್ಮೂರಿಗೆ ಲಗ್ನವಾಗಿ ಬಂದವಳು, ಅದನ್ನು ನೋಡುತ್ತ ನಿಂತಳು.

"ಬಾಯಾರ, ಇದನ್ಯಾಕ ದಿನಾ ತೋಯಿಸಾಕತ್ತೀರಿ?"

ಅಳತೆಗೆ ಎಂದೆ. ಅವಳು ಸೆರಗು ಬಾಯಿಗೆ ಹಿಡಿದಳು. "ತೋಯಿಸಿದ ಹಗ್ಗ ಹೆಂಗ ಅಳತಿ ಕೊಡತೈತ್ರಿ? ನೂಲಿನ ಹಗ್ಗ ನೀರ ಕುಡದ್ರ ಗಿಡ್ಡ ಆಗತೈತಿ. ಮಲಗೂ ಹೊರಸಿಗೆ ಹಗ್ಗ ಹೆಣದ ಮ್ಯಾಲ ನೀರು ಹೊಡಿಯೂದು ಯಾಕ್ರಿ ಮತ್ತ? ಬಿಗಿ ಆಗ್ಲಿ ಅಂತ." ಆಮೇಲೆ ಸಹಜವಾಗಿ ಇನ್ನೊಂದು ಮಾತು ಸೇರಿಸಿದಳು. "ಹ್ವಾದ ವರ್ಷ ನಿಮ್ಮ ಅತ್ತ್ಯಾರ ನನ್ನ ಕೈಲಿ ನಾಕು ಕೊಡ ನೀರು ಹಾಕಿಸ್ಯಾರ ಹೊರಸಿಗೆ. ಅವ್ರಿಗೆ ಗೊತ್ತಿಲ್ಲೇನ್ರಿ?"

ನಾನು ಹಗ್ಗ ತೆಗೆದುಕೊಂಡು ನಡುಬಾಗಿಲಿಗೆ ಹೋಗಿ, ಆಚೆ ಇಟ್ಟಿದ್ದ ಟೇಪನ್ನು ಎಳೆದು, ಗಂಟುಗಳನ್ನು ಅದಕ್ಕೆ ಹಿಡಿದು ನೋಡಿದೆ. ಇಪ್ಪತ್ತನೆಯ ಗಂಟು ಹತ್ತೊಂಬತ್ತನ್ನೂ ಸರಿಯಾಗಿ ಮುಟ್ಟುತ್ತಿರಲಿಲ್ಲ. ನನ್ನ ಕಣ್ಣು ಸರಿಯಿತ್ತು. ನನ್ನ ಲೆಕ್ಕ ಸರಿಯಿತ್ತು. ಗಟ್ಟಿಯಾಗಿ ಹಿಂಡಿದ ದಿನ ಒಂದು ಅಳತೆ, ಸರಿಯಾಗಿ ಹಿಂಡದ ದಿನ ಇನ್ನೊಂದು.

ಅತ್ತೆ ಚೌಕದಲ್ಲಿ ಬೇಳೆ ಆರಿಸುತ್ತಿದ್ದರು. ಹಗ್ಗವನ್ನು ಮೊರದ ಪಕ್ಕಕ್ಕೆ ಹಾಕಿ ಕೇಳಿದೆ. "ಅತ್ಯಾ, ಇದು ತೊಯ್ದ್ರ ಗಿಡ್ಡ ಆಗ್ತದ ಅಂತ ನಿಮಗ ಗೊತ್ತಿತ್ತೇನು?"

ಗೊತ್ತಿರಲಿಲ್ಲ ಎನ್ನುತ್ತಾರೆ ಎಂದು ಕಾದೆ. ಹಾಗಂದಿದ್ದರೆ ನಂಬಿಬಿಡುತ್ತಿದ್ದೆನೋ ಏನೋ. ಅವರು ಬೇಳೆಯಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕೆ ಇಟ್ಟರು.

"ಗೊತ್ತಿತ್ತು."

"ಮತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಹೋಗ್ತಿದ್ದಿ."

ಅವರು ತಲೆ ಎತ್ತದೆಯೇ ಮಾತು ಮುಂದುವರಿಸಿದರು. "ಮಡಿ ಮಾಡಬೇಕು ಅಂತs ಮೊದಲ ದಿನಾ ಅದ್ದಿದ್ದು. ದೇವರಾಣಿ. ಎರಡನೇ ಸಲಾ ಅಳಿಯೂ ಮುಂದ ನೆನಪಾತು. ಆಮ್ಯಾಲೆ ಸುಮ್ಮನಾದೆ. ನಲವತ್ತು ವರ್ಷಾತು ನಾ ಈ ಮನಿಗೆ ಬಂದು. ಅತ್ತಿ ಮುಂದ ಮಾತಾಡೂಹಂಗಿರಲಿಲ್ಲ. ಗಂಡಸ್ರು ಉಪ್ಪು ಕಮ್ಮಿ ಆತು, ನೀರು ಕೊಡು, ಇಷ್ಟs. ನೀ ಬಂದಮ್ಯಾಲೆ ನನಗ ಬಾಯಿ ಅದ ಅಂತ ಗೊತ್ತಾತು."

ಕರುಣೆ ಬರಬೇಕಿತ್ತು. ಬರಲಿಲ್ಲ. ನಾನು ಅಂದ ಮಾತು ಇದು: "ನಿಮ್ಮನ್ನ ಕೂಡಿ ಹಾಕಿದ್ರು ಅಂತ ನನ್ನೂ ಕೂಡಿ ಹಾಕೂದೇನು?" ಅಷ್ಟು ದೊಡ್ಡವರಿಗೆ ನಾನು ಅದಕ್ಕೆ ಮೊದಲು ಎದುರಾಡಿರಲಿಲ್ಲ. ರಾತ್ರಿ ಊಟಕ್ಕೂ ಕೂರಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ನಾನು ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಅತ್ತೆ ನಡುಬಾಗಿಲಿನಿಂದ ಬರುತ್ತಿದ್ದರು. ಕೈಯಲ್ಲಿ ಚರ್ಮದ ಡಬ್ಬಿಯ ಟೇಪು. ಹಿಂದೆಯೇ ಮಾವನವರು.

"ಅದು ಚರ್ಮದ್ದು," ಎಂದರು ಮಾವನವರು, ಹೊಸ್ತಿಲಾಚೆ ನಿಂತು.

"ಗೊತ್ತದ. ಸಂಜೀಕ ಇನ್ನೊಮ್ಮೆ ತಲಿ ಮ್ಯಾಲೆ ನೀರು ಹಾಕ್ಕೋತೀನಿ," ಎಂದು ಅತ್ತೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಟೇಪಿನ ತುದಿ ಹಿಡಿದು ಅಡಿಗೆ ಮನೆಯ ಗೋಡೆಗೆ ಒತ್ತಿ ಕುಕ್ಕರಗಾಲಲ್ಲಿ ಕೂತರು. ಇಡೀ ದಿನ ಅಳೆದೆವು. ಒಂದು ಮಾತೂ ಆಡಲಿಲ್ಲ, ಅವರೂ, ನಾನೂ. ದೇವರ ಮನೆಯ ಎದುರು ಬಂದಾಗ ಅವರು ಒಂದು ಕ್ಷಣ ನಿಂತು ಕೈಮುಗಿದು, ಆಮೇಲೆ ಒಳಗೆ ಕಾಲಿಟ್ಟರು.

ಒಳಗೆ ನಲವತ್ತು ಅಡಿ, ಎರಡು ಗೋಡೆಗಳ ದಪ್ಪ ಐದು. ನಲವತ್ತೈದಕ್ಕೆ ಒಂದು ನೂಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಎರಡು ದಿನ ಕೂತು ನಕ್ಷೆಗೆ ಶಾಯಿ ಹಾಕಿದೆ. ಮಾವನವರು ಮೂರು ಸಲ ಕೂಡಿಸಿದರು, ನಾಲ್ಕನೆಯ ಸಲವೂ ಕೂಡಿಸಿದರು. ತಪ್ಪು ಸಿಗಲಿಲ್ಲ. ನನಗೆ ಒಂದು ಮಾತು ಹೇಳಲೇಬೇಕು: ಅವರು ಆಡಿದ ಮಾತಿಗೆ ತಪ್ಪಲಿಲ್ಲ. ಮುಖ ಗಂಟಿಕ್ಕಿಕೊಂಡೇ ನಕ್ಷೆಯನ್ನು ಸುರುಳಿ ಸುತ್ತಿ ಟಪಾಲಿಗೆ ಹಾಕಿಸಿದರು, ಗಾಡಿ ಹೂಡಲು ಮೈದುನನಿಗೆ ಹೇಳಿದರು. ಹಗ್ಗ ಯಾಕೆ ತಪ್ಪಿತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೊರಡುವಾಗ ಅತ್ತೆ ಹಿತ್ತಲ ಬಾಗಿಲ ಹತ್ತಿರ ಬಂದು ಕುಂಕುಮ ಹಚ್ಚಿ, ಉಡಿ ತುಂಬಿದರು. "ಕಾಗದಾ ಬರದ್ರ ನನಗ ಓದ್ಲಿಕ್ಕೆ ಬರೂದಿಲ್ಲ. ಅವರು ಓದಿ ಹೇಳೂದು ನನಗ ಬ್ಯಾಡ," ಎಂದರು. "ಅಲ್ಲಿ ನಿನ್ನ ಮನೀದೊಂದು ನಕ್ಷಾ ಬರದು ಕಳಸು. ಒಲಿ ಎಲ್ಲದ, ನೀ ಎಲ್ಲೆ ಕೂಡ್ತಿ, ಎಲ್ಲೆ ಮಲಗ್ತಿ, ಅಷ್ಟು ತಿಳೀಲಿ." ನಾನು ಹೂಂ ಎಂದೆ. ಬಾಗೇವಾಡಿಯಲ್ಲಿ ಬಸ್ಸು ಬದಲಿಸುವವರೆಗೂ ಹಿಂದೆ ತಿರುಗಿ ನೋಡಬೇಕು ಅಂತ ಕೂಡ ಅನಿಸಲಿಲ್ಲ. ಸೋಮವಾರ ಗಂಟೆ ಹೊಡೆಯುವ ಮೊದಲೇ ಶಾಲೆಯ ಅಂಗಳದಲ್ಲಿ ನಿಂತಿದ್ದೆ.

ನಕ್ಷೆ ಕಳಿಸಲಿಲ್ಲ. ಮೊದಮೊದಲು ಸಿಟ್ಟಿತ್ತು, ಅದು ನಿಜ. ಆದರೆ ಸಿಟ್ಟು ಮೂರು ವರ್ಷ ಇರುವುದಿಲ್ಲ. ನನ್ನ ಮನೆ ಎಂಬುದೊಂದು ಆಗಿತ್ತು, ಅದರೊಳಗೆ ಅವರ ಬೆರಳು ಓಡಾಡುವುದು ನನಗೆ ಬೇಡವಾಗಿತ್ತು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ಇದ್ದದ್ದು ಅದೇ. ದೀಪಾವಳಿಗೆ ಹೋದಾಗ ಎರಡು ವರ್ಷ ಕೇಳಿದರು, ಮರೆತೆ ಎಂದೆ. ಮೂರನೆಯ ದೀಪಾವಳಿಗೆ ಕೇಳಲಿಲ್ಲ.

ಆ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರೆಂದು ಶಾಲೆಗೆ ತಂತಿ ಬಂತು. ಮನೆಗೆ ಬಂದೆ. ಊರಿನ ಬಸ್ಸಿಗೆ ಇನ್ನೂ ಒಂದು ತಾಸಿತ್ತು, ಗಂಡ ಕಚೇರಿಯಿಂದ ಬರಬೇಕಿತ್ತು. ಕಾಗದ ತೆಗೆದು ನೆಲದ ಮೇಲೆ ಕೂತು ಮನೆಯನ್ನು ಅಳೆದು ಬರೆದೆ: ಎರಡು ಕೋಣೆ, ಒಂದು ಒಲೆ, ಒಂದು ಕಿಟಕಿ, ನಾನು ಕೂಡುವ ಜಾಗ, ಮಲಗುವ ಜಾಗ. ಇಪ್ಪತ್ತು ನಿಮಿಷ ಹಿಡಿಯಿತು.